ಪ್ಯಾಟೆಗೋಗಿ ಬತ್ತೀನಿ

ಕೃಷ್ಣರಾಜಪೇಟೆ ಎಂಬ ಪೂರ್ತಿ ಹೆಸರು ಬೇಕಾಗುವುದು ಅರ್ಜಿ ಬರೆಯುವಾಗ. ಬಾಯಲ್ಲಿ ಅದು ಕೆ.ಆರ್.ಪೇಟೆ, ಸುತ್ತಲ ಹಳ್ಳಿಗಳಿಗೆ ಬರೀ ‘ಪ್ಯಾಟೆ’. ಹಳೆಯ ಅತ್ತಿಕುಪ್ಪೆಗೆ ಅರಸರ ಹೆಸರಿಟ್ಟರು. ಜನ ಅರಸರನ್ನು ಎರಡಕ್ಷರಕ್ಕೆ ಇಳಿಸಿ ಪೇಟೆಯನ್ನು ಉಳಿಸಿಕೊಂಡರು. ನಾಗಮಂಗಲ, ಪಾಂಡವಪುರಗಳ ಹೆಸರಲ್ಲಿ ಪೇಟೆಯಿಲ್ಲ, ಆದರೂ ಅವೂ ಪ್ಯಾಟೆಯೇ.

ಸಂತೆಗೆ ವಾರವಿದೆ. ತೆಂಡೇಕೆರೆಯ ದನದ ಸಂತೆಗೆ ಹೋಗುವವನಿಗೆ ಕೊಳ್ಳುವ, ಇಲ್ಲವೇ ಮಾರುವ ಕೆಲಸವಿರುತ್ತದೆ. ಪೇಟೆಗೆ ವಾರವೂ ಬೇಡ, ಕಾರಣವೂ ಬೇಡ. ‘ಪ್ಯಾಟೆಗೋಗಿ ಬತ್ತೀನಿ ಕಣವ್ವ’ ಅಂದರೆ ಸಾಕು. ಗೊಬ್ಬರದಂಗಡಿ ಬೆಂಚಿನ ಮೇಲೆ ಕೂತು ಮಳೆ, ನಾಲೆ ನೀರು, ಹೆಣ್ಣು-ಗಂಡಿನ ಸಮಾಚಾರ ಮುಗಿಸಿ ಬರಿಗೈಲಿ ಬಂದರೂ ಅದು ಪೇಟೆಗೆ ಹೋಗಿ ಬಂದದ್ದೇ. (ಆ ಬೆಂಚು ಹೆಂಗಸರಿಗೆ ಅಷ್ಟು ಸಲೀಸಲ್ಲ, ಅವರಿಗೆ ಇವತ್ತಿಗೂ ಒಂದು ನೆಪ, ಒಂದು ಬ್ಯಾಗು ಬೇಕು.)

ಪೇಟೆ ತಾನಾಗಿ ಬೆಳೆಯುತ್ತದೆ ಎನ್ನುವುದು ಅರ್ಧ ಸುಳ್ಳು. ಕೋಟೆಯೊಳಗೆ ಆಳುವವರು, ಹೊರಗೆ ಪೇಟೆಯಲ್ಲಿ ನೇಯುವವರು, ಮಾರುವವರು: ಹಳೆಯ ಬೆಂಗಳೂರಿನ ಲೆಕ್ಕವೂ ಇದೇ. ಶ್ರೀರಂಗಪಟ್ಟಣದ ಕೋಟೆಯಾಚೆ, ದ್ವೀಪದ ಪೂರ್ವಕ್ಕಿರುವ ಗಂಜಾಂ ಅನ್ನು ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಕರೆಸಿದ ಎಂದು ಬಿ.ಎಲ್. ರೈಸ್‌ನ ಮೈಸೂರು ಗೆಜೆಟಿಯರ್ ಹೇಳುತ್ತದೆ. 1799ರಲ್ಲಿ ಕೋಟೆ ಬಿತ್ತು, ರಾಜಧಾನಿ ಮೈಸೂರಿಗೆ ಹೋಯಿತು, ಗಂಜಾಂ ಸೊರಗಿತು. ಈಗ ಅಲ್ಲಿಗೆ ಜನ ಹೋಗುವುದು ನಿಮಿಷಾಂಬೆಯ ದರ್ಶನಕ್ಕೆ.

ಈಗ ಪೇಟೆಯ ಜಾಗ ಗೊತ್ತುಮಾಡುವುದು ರಸ್ತೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಶ್ರೀರಂಗಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರು ಇಳಿಯುವಂತಿಲ್ಲ. ಅಂದರೆ ಪೇಟೆಗೆ ಬರುತ್ತಿದ್ದ ಗಾಡಿಗಳೇ ಹೊರಗೆ! ಇಂಥ ಹೆದ್ದಾರಿಗಳ ಬದಿಯ ಫುಡ್ ಕೋರ್ಟಿನಲ್ಲಿ ದೀಪ, ಪಾರ್ಕಿಂಗು, ಶೌಚಾಲಯ ಎಲ್ಲವೂ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಅಲ್ಲಿ ಗುರುತಿನವರು ಸಿಗುವುದಿಲ್ಲ, ಕಾಫಿ ಮುಗಿದ ಮೇಲೆ ಕೂತಿರಲು ಸಂಕೋಚವಾಗುತ್ತದೆ.

ಹೊಸ ಮಳಿಗೆಗಳು ಮಾಲ್, ಮಾರ್ಟ್, ಬಜಾರ್ ಎಂದೆಲ್ಲ ಹೆಸರಿಟ್ಟುಕೊಳ್ಳುತ್ತವೆ. ‘ಪೇಟೆ’ ಎಂದು ಇಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಇಟ್ಟರೆ ಬಾಗಿಲ ಮುಂದೆ ಬೆಂಚು ಹಾಕಬೇಕಾದೀತು.