ಬೀದರಿನ ಯಾತ್ರಿಕರ ಮೊದಲ ಬಿಡಾರ

ಬೀದರ ನಗರದಿಂದ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಡುವವರಿಗೆ ಭಾಲ್ಕಿಯ ದಾರಿಯಿದೆ. 1708ರಲ್ಲಿ ಗುರು ಗೋವಿಂದಸಿಂಗರು ದೇಹವಿಟ್ಟ ನಾಂದೇಡಕ್ಕೆ ಔರಾದದ ದಾರಿ. ಎರಡೂ ಪಟ್ಟಣಗಳು ಸುಮಾರು 40 ಕಿ.ಮೀ. ದೂರದಲ್ಲಿವೆ, ಎಂದರೆ ಎರಡು ದಿನದ ನಡಿಗೆ. ನಡುವಿನ ಬಿಡಾರವನ್ನು ದೂರಕ್ಕಿಂತ ಹೆಚ್ಚಾಗಿ ನೀರು ನಿರ್ಧರಿಸುತ್ತಿತ್ತು. ಭಾಲ್ಕಿಗೆ ಮುನ್ನ ಕಾರಂಜಾ, ಔರಾದಕ್ಕೆ ಮುನ್ನ ಮಾಂಜರಾ ದಾಟಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ತುಂಬಿದರೆ ಈಚೆ ದಡದಲ್ಲೇ ತಂಗುವುದು ಅನಿವಾರ್ಯ. ಹಾಗೆ ದಿನಗಳು ಕಳೆದರೆ ವಾರಕರಿಗೆ ಆಷಾಢ ಏಕಾದಶಿಯೇ ತಪ್ಪೀತು. ಅದೇ ಆಷಾಢದಲ್ಲಿ ಜೈನಮುನಿಗಳು ಜೀವಹಿಂಸೆಗೆ ಅಂಜಿ ವಿಹಾರವನ್ನು ನಿಲ್ಲಿಸಿ ಚಾತುರ್ಮಾಸಕ್ಕೆ ನೆಲೆಗೊಳ್ಳುತ್ತಾರೆ. ಆದ್ದರಿಂದ ಯಾತ್ರಾಮಾರ್ಗಗಳ ಅಧ್ಯಯನದಲ್ಲಿ ಕ್ಷೇತ್ರಮಹಿಮೆಯೊಡನೆ ಹೊಳೆಯನ್ನೂ ಮಾಸವನ್ನೂ ಪರಿಗಣಿಸಬೇಕು.