ಲಿಪಿಕಾರನ ವಿದ್ಯೆ, ವಿನ್ಯಾಸಕಾರನ ಪದವಿ



ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಕಡೆ ಎಂದಾದರೂ ಹೋದರೆ, ಅದೇ ತಾಲ್ಲೂಕಿನ ಬ್ರಹ್ಮಗಿರಿಯನ್ನೂ ನೋಡಿ ಬನ್ನಿ. ಅಲ್ಲಿನ ಬಂಡೆಯ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಮಾತು ಅದರಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬ ತನ್ನ ಕಸುಬಿನ ಹೆಸರನ್ನು ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅವನ ವಿದ್ಯೆಗೆ ಆ ಬಂಡೆಯೇ ಪ್ರಮಾಣಪತ್ರ.

ಕಲಿತ ವಿದ್ಯೆಯ ಫಲವನ್ನು ಅಳೆಯುವುದು ಹೇಗೆ? ಅಂಕಪಟ್ಟಿಯಿಂದಲೇ, ಸಂಬಳದಿಂದಲೇ, ಮಾಡಿದ ಕೆಲಸದಿಂದಲೇ? ಈ ಪ್ರಶ್ನೆ ನೇರವಾಗಿ ಎದುರಾಗುವುದು ವಸ್ತುವಿನ್ಯಾಸದ, ಅಂದರೆ ಪ್ರಾಡಕ್ಟ್ ಡಿಸೈನ್ ಶಿಕ್ಷಣದಲ್ಲಿ.

ನಮ್ಮ ದೇಶದಲ್ಲಿ ಈ ಶಿಕ್ಷಣದ ಕಥೆ ಒಂದು ಚೆಂಬಿನಿಂದ ಆರಂಭವಾಗುತ್ತದೆ ಎನ್ನಬಹುದು. 1958ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ತಾವು ಕಂಡ ವಸ್ತುಗಳಲ್ಲಿ ಅವರು ಬಹುವಾಗಿ ಮೆಚ್ಚಿದ್ದು ನಮ್ಮ ಚೆಂಬನ್ನು. ಅದನ್ನು ಹೊಸದಾಗಿ ರೂಪಿಸುವುದಾದರೆ ಏನೇನು ಯೋಚಿಸಬೇಕು? ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ತೂಕ ಎತ್ತ ವಾಲುತ್ತದೆ, ಸೊಂಟದ ಮೇಲೆ ಹೇಗೆ ಕೂರುತ್ತದೆ, ಒಳಗೆ ಕೈಹಾಕಿ ತೊಳೆಯಬಹುದೇ, ಬೆಲೆ ಎಷ್ಟಾದೀತು? ಇಂಥ ಪ್ರಶ್ನೆಗಳ ಸಾಲನ್ನೇ ಅವರು ಮುಂದಿಟ್ಟರು. ಚೆಂಬನ್ನು ರೂಪಿಸಿದವನು ಒಬ್ಬನಲ್ಲ, ಹಲವು ತಲೆಮಾರು ಎಂಬುದನ್ನೂ ನೆನಪಿಸಿದರು. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. 1969ರಲ್ಲಿ ಮುಂಬಯಿಯ ಐ.ಐ.ಟಿ.ಯಲ್ಲಿ ಕೈಗಾರಿಕಾ ವಿನ್ಯಾಸ ಕೇಂದ್ರ ಬಂತು. 1990ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎರಡು ವರ್ಷದ ಎಂ.ಡೆಸ್. ಪದವಿ ತೆರೆಯಿತು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಎರಡನೇ ಆವರಣ ಹೊಂದಿರುವುದು ಇದೇ ಸಂಸ್ಥೆ.

ಇಲ್ಲಿ ವಿದ್ಯಾರ್ಥಿ ಕಲಿಯುವುದೇನು? ಬಳಸುವವರನ್ನು ತಾಳ್ಮೆಯಿಂದ ಗಮನಿಸುವುದು, ಕಂಡದ್ದನ್ನು ರೇಖೆಯಲ್ಲಿ ಬರೆಯುವುದು, ಮಾದರಿ ಮಾಡಿ ಅವರ ಕೈಗೆ ಕೊಡುವುದು, ಅದು ಸೋತರೆ ಏಕೆಂದು ತಿಳಿದು ಮತ್ತೆ ಮಾಡುವುದು. ವಿಜ್ಞಾನ ಪದವಿ ಓದಿದ ನನ್ನಂಥವರಿಗೆ, ಲೆಕ್ಕಕ್ಕೆ ಒಂದೇ ಸರಿಯುತ್ತರ ಎಂಬ ರೂಢಿ. ವಿನ್ಯಾಸದಲ್ಲಿ ಉತ್ತರಗಳು ಹಲವು. ಯಾವುದು ಸರಿ ಎಂದು ಹೇಳುವವರು ಬಳಸುವ ಜನ.

ಫಲಿತಾಂಶ ನೋಡಬೇಕೆ? ದೇವಸಮುದ್ರದ ಮತಗಟ್ಟೆಗೇ ಬನ್ನಿ. 1982ರಲ್ಲಿ ಕೇರಳದ ಪರವೂರಿನಲ್ಲಿ ಪ್ರಯೋಗಕ್ಕೆ ಬಂದ ಮತಯಂತ್ರ 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕ್ಷೇತ್ರಗಳಿಗೂ ತಲುಪಿತು. ಅದನ್ನು ತಯಾರಿಸುವ ಸಂಸ್ಥೆಗಳಲ್ಲಿ ಬೆಂಗಳೂರಿನ ಬಿ.ಇ.ಎಲ್. ಒಂದು. ಅದರ ರೂಪವಿನ್ಯಾಸದಲ್ಲಿ ಮುಂಬಯಿ ಕೇಂದ್ರದ ಅಧ್ಯಾಪಕರು ಪಾಲ್ಗೊಂಡರು. ಚಿಹ್ನೆಯ ಪಕ್ಕದಲ್ಲೇ ಗುಂಡಿ; ಅಕ್ಷರ ಬಾರದ ಅಜ್ಜಿಯೂ ಯಾರನ್ನೂ ಕೇಳದೆ ಒತ್ತಬಲ್ಲಳು. ಅದೇ ಕೇಂದ್ರದಲ್ಲಿ ಕಲಿತ ಡಿ. ಉದಯಕುಮಾರ್ ರಚಿಸಿದ ರೂಪಾಯಿ ಚಿಹ್ನೆಯನ್ನು 2010ರಲ್ಲಿ ಸರ್ಕಾರ ಸ್ವೀಕರಿಸಿತು. ಲಿಪಿಕಾರನ ಕಸುಬು ಇನ್ನೂ ಬದುಕಿದೆ!

ಆದರೆ ಈ ಕಥೆಯಲ್ಲಿ ಒಂದು ಕೊರತೆಯಿದೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಮನ್ನಣೆ ಊರಿನ ಹೆಸರಿಗೆ ಬಂತು. ಎಳೆ ಎಣಿಸಿ ಅಂಚಿನ ನಕ್ಷೆ ಕೂಡಿಸುವ ನೇಕಾರನೂ ವಿನ್ಯಾಸಕಾರನೇ. ಚಪಡನಂತೆ ಹೆಸರು ಬರೆಯಲು ಸೀರೆಯಲ್ಲಿ ಅವನಿಗೆ ಜಾಗವಿಲ್ಲ, ಅವನ ವಿದ್ಯೆಗೆ ಅಂಕವೂ ಇಲ್ಲ. ಮಗ್ಗದ ಮನೆಯಲ್ಲಿ ಬೆಳೆದ ಹುಡುಗಿ ತನ್ನ ಕೈಗೆ ಗೊತ್ತಿರುವುದನ್ನು ‘ವಿದ್ಯೆ’ ಎಂದುಕೊಳ್ಳದಿದ್ದರೆ ನಷ್ಟ ಆಕೆಗಷ್ಟೇ ಅಲ್ಲ, ವಿನ್ಯಾಸ ಶಾಲೆಗೂ ಹೌದು. ಪಿ.ಯು.ಸಿ.ಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನೇ ಓದಿದ್ದರೂ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪದವಿ ಪ್ರವೇಶ ಪರೀಕ್ಷೆ ಬರೆಯಬಹುದು ಎಂಬುದು ಅನೇಕರಿಗೆ ತಿಳಿದೇ ಇಲ್ಲ.

ಕಾರ್ಯಕ್ರಮ ನೋಡಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಒಂದು ವಸ್ತುವನ್ನು, ಕುಡುಗೋಲೋ ಮೊರವೋ ಲಾಳಿಯೋ, ಎದುರಿಗಿಟ್ಟುಕೊಳ್ಳಿ. ಈಮ್ಸ್ ದಂಪತಿ ಚೆಂಬಿಗೆ ಕೇಳಿದಂತೆ ಅದಕ್ಕೆ 10 ಪ್ರಶ್ನೆ ಕೇಳಿ ಬರೆದಿಡಿ. ಉತ್ತರಕ್ಕಾಗಿ ಅದನ್ನು ದಿನವೂ ಬಳಸುವವರ ಬಳಿ ಹೋಗಿ. ನಿಮ್ಮ ಮೊದಲ ಗುರು ಅವರೇ.