ಹೆಸರಿನಲ್ಲಿ ಉಳಿದ ಇಂಡಿಯ



ಕೆಲವು ವರ್ಷಗಳ ಹಿಂದೆ ಅಮೆರಿಕದ ಪೋರ್ಟ್‌ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳು ಕಳೆದೆ. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಬಲು ಪರಿಚಿತವಾದ ಪರಿಮಳವೊಂದು ತೇಲಿಬಂತು. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟನ್ನು ನಮ್ಮ ತಾಯಿ ಕಾಯಿಸುತ್ತಿದ್ದಾಗ ಏಳುತ್ತಿದ್ದ ಪರಿಮಳವದು. ಹೋಗಿ ನೋಡಿದರೆ, ಅಳಿಯ ಡಬ್ಬಿಯೊಂದರಿಂದ ಜೋನಿಬೆಲ್ಲದಂತಹ ಮಂದವಾದ ಪಾಕವನ್ನು ದೊಡ್ಡ ಪಾತ್ರೆಯ ಬಿಸಿನೀರಿಗೆ ಸುರಿಯುತ್ತಿದ್ದ. "ಮಾಲ್ಟಿನ ಸಾರ, ಮಾವ. ಇಂಡಿಯ ಪೇಲ್ ಏಲ್ ಮಾಡುತ್ತಿದ್ದೇನೆ. ಹೆಸರು ಮಾತ್ರ ನಮ್ಮದೇ, ನೋಡಿ" ಎಂದು ನಕ್ಕ.

ನಾನು ಮದ್ಯವನ್ನು ಮುಟ್ಟಿದವನಲ್ಲ. ಆದರೆ ಆ ಹೆಸರು ನನಗೆ ಹೊಸದಾಗಿರಲಿಲ್ಲ. ಪದಗಳ ಇತಿಹಾಸವನ್ನು ಪಾಠಮಾಡುವಾಗ ಅದನ್ನು ಎಷ್ಟೋ ವರ್ಷ ಉದಾಹರಣೆಯಾಗಿ ಕೊಟ್ಟಿದ್ದೆ. ಇಂಗ್ಲೆಂಡಿನ ಬಿಯರು ಭಾರತ ತಲುಪುವಷ್ಟರಲ್ಲಿ ಹುಳಿತುಹೋಗುತ್ತಿತ್ತು. ಲಂಡನ್ನಿನ ಹಾಡ್ಜ್‌ಸನ್ ಎಂಬಾತ ಹೆಚ್ಚು ಹಾಪ್ಸ್ ಹೂಗಳನ್ನು ಸೇರಿಸಿ, ಕೆಡದಂತಹ ಹೊಸ ಪಾನೀಯವನ್ನು ಭಾರತಕ್ಕೆಂದೇ ಕಂಡುಹಿಡಿದ. ಆದ್ದರಿಂದ ಈ ಹೆಸರು ಬಂತು. ಇಷ್ಟು ಕಥೆ. ಅಳಿಯನಿಗೂ ಅದನ್ನೇ ಹೇಳಿದೆ. ಆತ ಮಾತಾಡದೆ ಒಳಗೆ ಹೋಗಿ, ಮಾರ್ಟಿನ್ ಕಾರ್ನೆಲ್ ಎಂಬ ಇಂಗ್ಲಿಷ್ ಸಂಶೋಧಕರ ಪುಸ್ತಕವೊಂದನ್ನು ತಂದು ನನ್ನ ಕೈಗಿತ್ತ. ಅಂದು ಸಂಜೆಯ ಹೊತ್ತಿಗೆ ನನ್ನ ಕಥೆಯಲ್ಲಿ ಉಳಿದದ್ದು ಬಹಳ ಕಡಮೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಮದರಾಸಿನಲ್ಲಿ ಇಂಗ್ಲೆಂಡಿನ ಬಿಯರು ದೊರೆಯುತ್ತಿತ್ತು. 1780ರ ದಶಕದ ಕಲ್ಕತ್ತೆಯ ಪತ್ರಿಕೆಗಳಲ್ಲಿ ತಿಳಿಬಣ್ಣದ ಏಲ್, ಕಪ್ಪುಬಣ್ಣದ ಪೋರ್ಟರ್ ಎರಡಕ್ಕೂ ಜಾಹೀರಾತುಗಳಿವೆ. ಹಡಗುಗಳು ಗುಡ್‌ಹೋಪ್ ಭೂಶಿರವನ್ನು ಬಳಸಿ, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕಾರು ತಿಂಗಳ ಬಳಿಕ ಇಲ್ಲಿ ಲಂಗರು ಹಾಕುತ್ತಿದ್ದವು. ಆ ದೀರ್ಘ ಪ್ರಯಾಣವನ್ನು ಪೋರ್ಟರ್ ಕೂಡ ತಾಳಿಕೊಳ್ಳುತ್ತಿತ್ತು. ಸಾಮಾನ್ಯ ಸಿಪಾಯಿಗಳು ಕುಡಿಯುತ್ತಿದ್ದುದು ಬಹುಮಟ್ಟಿಗೆ ಅದನ್ನೇ. ತಿಳಿಬಣ್ಣದ ಏಲ್ ಅಧಿಕಾರಿಗಳ, ವರ್ತಕರ ಮೇಜಿನ ಪಾನೀಯ. ಬಿಸಿಪ್ರದೇಶಗಳಿಗೆ ಕಳುಹಿಸುವ ಬಿಯರಿಗೆ ಹಾಪ್ಸ್ ಹೆಚ್ಚಾಗಿ ಹಾಕಬೇಕೆಂಬುದೂ ಹಾಡ್ಜ್‌ಸನ್‌ನ ಶೋಧವಲ್ಲ. ಆ ಕಸುಬಿನವರಿಗೆಲ್ಲ ತಿಳಿದಿದ್ದ ಸಂಗತಿ.

ಹಾಗಾದರೆ ಹಾಡ್ಜ್‌ಸನ್ ಗೆದ್ದದ್ದು ಹೇಗೆ? 1752ರಲ್ಲಿ ಆರಂಭವಾದ ಅವನ ಕಾರ್ಖಾನೆ ಲಂಡನ್ನಿನ ಬೋ ಎಂಬಲ್ಲಿತ್ತು. ಈಸ್ಟ್ ಇಂಡಿಯ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಂದ ಕೆಲವೇ ಮೈಲಿ. ಹಡಗಿನ ಕಪ್ತಾನರು ತಮ್ಮ ಸ್ವಂತ ವ್ಯಾಪಾರಕ್ಕಾಗಿ ಸರಕು ಒಯ್ಯುವ ಅವಕಾಶವಿತ್ತು. ಹಾಡ್ಜ್‌ಸನ್ ಅವರಿಗೆ ಹದಿನೆಂಟು ತಿಂಗಳವರೆಗೂ ಸಾಲ ಕೊಡುತ್ತಿದ್ದ. ಕಾರಣ ಹೂವಿನಲ್ಲಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿತ್ತು! ಮುಂದೆ ಅವನ ವಾರಸುದಾರರು ಬೆಲೆ ಏರಿಸಿ, ಸಾಲ ನಿಲ್ಲಿಸಿ, ಕಪ್ತಾನರನ್ನು ಎದುರುಹಾಕಿಕೊಂಡರು. 1822ರ ಸುಮಾರಿಗೆ ಕಂಪನಿಯ ನಿರ್ದೇಶಕ ಮಾರ್ಜರಿಬ್ಯಾಂಕ್ಸ್, ರಷ್ಯದ ಮಾರುಕಟ್ಟೆಯನ್ನು ಕಳೆದುಕೊಂಡಿದ್ದ ಬರ್ಟನ್ ಪಟ್ಟಣದ ಆಲ್ಸಪ್ ಎಂಬುವನಿಗೆ ಭಾರತದ ದಾರಿ ತೋರಿಸಿದ. ಮೊದಲ ಮಾದರಿಯನ್ನು ಚಹದ ಕೆಟಲಿನಲ್ಲಿ ತಯಾರಿಸಿದರೆಂದು ಹೇಳುತ್ತಾರೆ. ಒಮ್ಮೆ ಮೋಸಹೋದವನಾದ್ದರಿಂದ ಅದನ್ನು ಕಥೆಯೆಂದೇ ಇಟ್ಟುಕೊಳ್ಳುತ್ತೇನೆ. ಬರ್ಟನ್ನಿನ ಬಾವಿನೀರಿನಲ್ಲಿ ಜಿಪ್ಸಂ ಹೇರಳ. ಅದು ಹಾಪ್ಸಿನ ಕಹಿಯನ್ನು ಚೊಕ್ಕಟವಾಗಿ ತೋರಿಸುತ್ತದೆ. ಇನ್ನು 'ಈಸ್ಟ್ ಇಂಡಿಯ ಪೇಲ್ ಏಲ್' ಎಂಬ ಹೆಸರು, ಈವರೆಗೆ ತಿಳಿದಿರುವಂತೆ ಮೊದಲು ಅಚ್ಚಾದದ್ದು 1829ರಲ್ಲಿ, ಆಸ್ಟ್ರೇಲಿಯದ ಸಿಡ್ನಿಯ ಪತ್ರಿಕೆಯೊಂದರಲ್ಲಿ. ಸರಕು ಇಲ್ಲಿಗೆ ಬರಲಾರಂಭಿಸಿ ಎಷ್ಟೋ ದಶಕಗಳಾದ ಮೇಲೆ ಹುಟ್ಟಿದ ಹೆಸರು ಅದು.

ನನಗೆ ನಾಚಿಕೆಯಾದದ್ದು ಬೇರೊಂದು ಕಾರಣಕ್ಕೆ. ಅದೇ ತರಗತಿಯಲ್ಲಿ ನಾನು 'ಬೆಂದಕಾಳೂರು' ಎಂಬ ಐತಿಹ್ಯವನ್ನು ಖಂಡಿಸುತ್ತಿದ್ದೆ. ಹನ್ನೆರಡನೆಯ ಶತಮಾನದ ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟದ್ದರಿಂದ ಬೆಂಗಳೂರೆಂಬ ಹೆಸರು ಬಂದುದಾದರೆ, ಸುಮಾರು 890ರ ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖ ಹೇಗೆ ಬಂತು ಎಂದು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ. ನಮ್ಮೂರಿನ ಕಥೆಗೆ ಶಾಸನದ ಸಾಕ್ಷ್ಯ ಬೇಡಿದವನು, ಇಂಗ್ಲಿಷಿನಲ್ಲಿ ಅಚ್ಚಾದ ಕಥೆಗೆ ಏನನ್ನೂ ಬೇಡಲಿಲ್ಲ.

ಇನ್ನು ಆ ಡಬ್ಬಿಯ ವಿಷಯ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಹದವಾದ ಬಿಸಿನೀರಿನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಕಡಮೆ ಒತ್ತಡದಲ್ಲಿ ಬತ್ತಿಸಿದರೆ ಮಾಲ್ಟಿನ ಸಾರ. ಅಳಿಯ ಇಪ್ಪತ್ತು ಲೀಟರಿನಷ್ಟು ಬಿಯರಿಗೆ ಸುಮಾರು ಮೂರು ಕಿಲೋ ಸಾರ ಹಾಕಿ, ಒಂದು ಗಂಟೆ ಕುದಿಸಿದ. ಮೊದಲು ಹಾಕಿದ ಹಾಪ್ಸ್ ಕಹಿಗೆ, ಕೊನೆಯಲ್ಲಿ ಹಾಕಿದ್ದು ಪರಿಮಳಕ್ಕೆ. ಚಿಟಿಕೆ ಜಿಪ್ಸಮ್ಮನ್ನೂ ಬೆರೆಸಿದ: ಬರ್ಟನ್ನಿನ ಬಾವಿಗೆ ಸಲ್ಲಿಸಿದ ಕಾಣಿಕೆ! ಬಳಿಕ ಬೇಗನೆ ತಣಿಸಿ, ಯೀಸ್ಟ್ ಸೇರಿಸಿ, ಎರಡು ವಾರ ತಂಪಾದ ಮೂಲೆಯಲ್ಲಿಟ್ಟ.

ಈ ಗೃಹಕೃತ್ಯಕ್ಕೂ ಒಂದು ಚರಿತ್ರೆಯಿದೆ. ಬ್ರಿಟನ್ನಿನಲ್ಲಿ 1880ರ ಶಾಸನವು ಮಾಲ್ಟಿನ ತೆರಿಗೆಯನ್ನು ತೆಗೆದು, ಮನೆಯಲ್ಲಿ ಬಿಯರು ಮಾಡುವವರಿಗೆ ಪರವಾನಗಿಯನ್ನು ವಿಧಿಸಿತು. ಅದು ರದ್ದಾದದ್ದು 1963ರಲ್ಲಿ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ. ಆಗ ಬಿಯರು ಕಂಪನಿಗಳೇ ಈ ಸಾರವನ್ನು ಅಡುಗೆಗೆಂದು ಮಾರಿದವು. ಅದು ಏನಾಗುತ್ತದೆಂಬುದು ಮಾರುವವರಿಗೂ ಕೊಳ್ಳುವವರಿಗೂ ಗೊತ್ತಿತ್ತು. ನಿಷೇಧ ತೆರವಾದ ಮೇಲೆಯೂ ಮನೆಯ ಬಿಯರಿಗೆ ಒಪ್ಪಿಗೆ ಸಿಕ್ಕಲಿಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಕಾನೂನು ಮರುವರ್ಷ ಜಾರಿಗೆ ಬಂದು ಆ ಬಾಗಿಲನ್ನು ತೆರೆಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಇಂಡಿಯ ಪೇಲ್ ಏಲ್, ಮೊದಲ ಮಹಾಯುದ್ಧದ ನಿರ್ಬಂಧ ಮತ್ತು ತೆರಿಗೆಗಳಿಂದ ಸತ್ತ್ವ ಕಳೆದುಕೊಂಡು ಬಹುಮಟ್ಟಿಗೆ ಹೆಸರಾಗಿ ಉಳಿದಿತ್ತು. ಅದಕ್ಕೆ ಮತ್ತೆ ಕಹಿ ತುಂಬಿದವರಲ್ಲಿ ಅಡುಗೆಮನೆಯ ಈ ಹವ್ಯಾಸಿಗಳ ಪಾಲು ದೊಡ್ಡದು.

ನಮ್ಮ ನಾಡಿನ ಮಾತು ಎರಡೇ. 1809ರಲ್ಲಿ ದಂಡು ಬಂದು ನೆಲೆಸಿದ ಬೆಂಗಳೂರಿನಲ್ಲಿ ಬಿಯರು ಕಾರ್ಖಾನೆಗಳು ಹುಟ್ಟಿದವು. 1915ರಲ್ಲಿ ದಕ್ಷಿಣ ಭಾರತದ ಐದು ಕಾರ್ಖಾನೆಗಳು ಒಂದಾಗಿ ಯುನೈಟೆಡ್ ಬ್ರೂವರೀಸ್ ಆಯಿತು. ಈಗ ಅದೇ ಊರಿನ ಚಿಕ್ಕ ಪಾನಗೃಹಗಳಲ್ಲಿ ಇಂಡಿಯ ಪೇಲ್ ಏಲ್ ತಯಾರಾಗುತ್ತಿದೆಯಂತೆ. ಯಾರಿಗಾಗಿ ಅದು ಇಲ್ಲಿಗೆ ಬರುತ್ತಿತ್ತೋ ಅವರು ಹೋಗಿ ಮುಕ್ಕಾಲು ಶತಮಾನವಾದ ಮೇಲೆ, ಯಾರ ದೇಶದ ಹೆಸರನ್ನು ಹೊತ್ತಿತ್ತೋ ಅವರು ಅದನ್ನು ಕುಡಿಯುತ್ತಿದ್ದಾರೆ.

ಅಳಿಯನ ಬಿಯರನ್ನು ನಾನು ಮೂಸಿ ನೋಡಿದೆ, ಅಷ್ಟೆ. ಆದರೆ ಆತ ಕೊಟ್ಟ ಪುಸ್ತಕದ ಋಣ ನನ್ನ ಮೇಲಿದೆ. ನನ್ನ ತರಗತಿಗಳಲ್ಲಿ ಕುಳಿತಿದ್ದವರು ಯಾರಾದರೂ ಈ ಮಾತುಗಳನ್ನು ಕೇಳುತ್ತಿದ್ದರೆ, ಹಾಡ್ಜ್‌ಸನ್‌ನ ಕಥೆಯನ್ನು ಟಿಪ್ಪಣಿಯ ಪುಸ್ತಕದಿಂದ ದಯವಿಟ್ಟು ಹೊಡೆದುಹಾಕಬೇಕೆಂದು ಕೋರುತ್ತೇನೆ.